ಇಪ್ಪತ್ತು ಜನ ಅಂತ ನಾನು ಕೂಗಿದ್ದು

ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷ. ಇಂದಿಗೂ ಎಲ್ಲಾದರೂ ಕೂದಲು ಸುಟ್ಟ ವಾಸನೆ ಬಂದರೆ ನನ್ನ ಕಣ್ಣು ಮೊದಲು ಗಡಿಯಾರ ಹುಡುಕುತ್ತದೆ. ರೇಷ್ಮೆ ಸುಟ್ಟರೂ ಅದೇ ವಾಸನೆ. ರಾಮನಗರದ ನಮ್ಮ ಮನೆಯಲ್ಲಿ ಅದುವರೆಗೆ ಇದ್ದದ್ದು ಬಿಸಿನೀರಿನಲ್ಲಿ ಬೆಂದ ಗೂಡಿನ, ಒದ್ದೆ ಸೌದೆಯ ವಾಸನೆ. ಹೊಸಬರು ಮೂಗು ಮುಚ್ಚಿಕೊಳ್ಳುತ್ತಿದ್ದರು. ನಮಗೆ ಅದು ಅಬ್ಬಾನ ಅಂಗಿಯ ವಾಸನೆ, ನಿದ್ದೆಯ ವಾಸನೆ. ಬೀದಿ ಕಡೆಯ ಶೆಡ್ಡಿನಲ್ಲಿ ಗೂಡು ಬಿಚ್ಚಿ ನೂಲು ತೆಗೆಯುತ್ತಿದ್ದರು, ಹಿಂದಿನ ಓಣಿಯ ಶೆಡ್ಡಿನಲ್ಲಿ ಆ ನೂಲಿಗೆ ಹುರಿ ಹಾಕುತ್ತಿದ್ದರು. ನಡುವೆ ನೂಲಿನ ಕಂತೆ ತೂಗುಹಾಕಲು ಕಿಟಕಿಯಿಲ್ಲದ ಒಂದು ಕೋಣೆ. ಎರಡು ಶೆಡ್ಡಿಗೂ ಬೇರೆ ಬೇರೆ ಹಾಜರಿ. ಎರಡರಲ್ಲೂ ಹೆಸರಿದ್ದವರು ಇಬ್ಬರೇ: ಮೋಟಾರು ರಿಪೇರಿ ಮಾಡುತ್ತಿದ್ದ ಸಿದ್ದಣ್ಣ ಮತ್ತು ನನ್ನ ಫುಪ್ಪಿ.

ಫುಪ್ಪಿ ಅಬ್ಬಾನ ಅಕ್ಕ. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದವರು, ಯಾವ ಕೆಲಸ ನಿಂತರೂ ಅಲ್ಲಿಗೆ ಹೋಗಿ ಕೂರುತ್ತಿದ್ದವರು. ನಿಮ್ಮ ಮನೆಯಲ್ಲೂ ಅಂಥವರೊಬ್ಬರು ಇದ್ದಿರಬೇಕು; ಇಲ್ಲಿ ಕಾಣದಿದ್ದರೆ ಇನ್ನೆಲ್ಲೋ ಇದ್ದಾರೆ ಎಂದು ಎಲ್ಲರೂ ನಿಶ್ಚಿಂತೆಯಾಗಿರುವಂಥವರು. ಮನೆಮಾತು ಉರ್ದುವಾದರೂ ನನ್ನದು ಕನ್ನಡ ಶಾಲೆಯಾದ್ದರಿಂದ ಅವರು ಲೆಕ್ಕ ಹೇಳಿಕೊಡುತ್ತಿದ್ದದ್ದು ಕನ್ನಡದಲ್ಲಿ. ಪುಸ್ತಕದ ಕ್ರಿಕೆಟ್ಟು, ಹಾಕಿ ಹುಡುಗರ ಶೇಕಡಾ ಲೆಕ್ಕ ನನ್ನ ತಲೆಗೆ ಹೋಗದಿದ್ದಾಗ ಆ ದಿನ ಜಗಲಿಯಲ್ಲಿ ಕೂತು ನಮ್ಮ ಮನೆಯದೇ ಒಂದು ಲೆಕ್ಕ ಕೊಟ್ಟರು.

"ಕೆಲಸಕ್ಕೆ ಇಪ್ಪತ್ ಜನ. ನೂರಕ್ಕೆ ಅರವತ್ತು ನೂಲು ತೆಗೀತಾರೆ, ನೂರಕ್ಕೆ ಐವತ್ತು ಹುರಿ ಹಾಕ್ತಾರೆ. ಸುಮ್ನೆ ಕೂತವ್ರು ಯಾರೂ ಇಲ್ಲ. ಎರಡೂ ಮಾಡೋವ್ರು ಎಷ್ಟು?"

"ನೂರಾ ಹತ್ತಾಯ್ತು ಫುಪ್ಪಿ. ನಿಮ್ ಲೆಕ್ಕಾನೇ ತಪ್ಪು."

ಪಕ್ಕದಲ್ಲಿ ಟೀ ಕುಡಿಯುತ್ತಿದ್ದ ಸಿದ್ದಣ್ಣ ನಕ್ಕ. "ಮೇಷ್ಟ್ರಿಗೇ ತಪ್ಪು ಹಾಕ್ಬುಟ್ಲಲ್ಲ ಅಕ್ಕೋರೆ! ಇವ್ಳು ಪಾಸಾದಂಗೇಯ."

"ಆ ಹತ್ತು ಎಲ್ಲಿಂದ ಬಂತು ಅಂತ ಯೋಚ್ನೆ ಮಾಡು. ಯಾರನ್ನೋ ಎರಡು ಸಲ ಎಣಿಸಿದೀಯ," ಎಂದು ಫುಪ್ಪಿ ನೂಲಿನ ಕಂತೆ ತರಲು ನಡುವಿನ ಕೋಣೆಗೆ ಹೋದರು. ಗೋಡೆಯ ಗಡಿಯಾರದಲ್ಲಿ ಮೂರು ನಲವತ್ತು.

ಹುರಿ ಶೆಡ್ಡಿನ ಮೋಟಾರಿನಿಂದ ಕಿಡಿ ಹಾರಿತಂತೆ. ನಾನು ಕಂಡದ್ದು ಹೊಗೆ ಮಾತ್ರ. ಹಳದಿ, ದಪ್ಪ, ಮಾಡಿನ ಹೆಂಚುಗಳ ಸಂದಿಯಿಂದ ಹೊರಬರುತ್ತಿತ್ತು. ಮುಂದಿನವರು ಬೀದಿಗೆ, ಹಿಂದಿನವರು ಓಣಿಗೆ ಓಡಿದರು. ಅಬ್ಬಾ ಬೀದಿಯಲ್ಲಿ ತಮ್ಮ ಹನ್ನೆರಡು ಜನರನ್ನು ಎಣಿಸಿದರು, ಹನ್ನೊಂದು ಬಂತು. ಕಡಿಮೆಯಾದವರು ಹಿಂದುಗಡೆಯಿಂದ ಹೋಗಿರಬೇಕೆಂದುಕೊಂಡು, "ಅಲ್ಲಿ ಎಷ್ಟು ಜನ ಅಂತ ಕೇಳ್ಕೊಂಡ್ ಬಾ, ಓಡು," ಎಂದರು. ಅಷ್ಟರಲ್ಲಿ ಸಿದ್ದಣ್ಣ ಮೇನ್ ಸ್ವಿಚ್ ತೆಗೆಯಲು ನನಗಿಂತ ಮೊದಲೇ ಓಣಿಗೆ ಓಡಿದ್ದ. ಹುರಿ ಹಾಕುವವರ ಮೇಸ್ತ್ರಿ ಕೆಂಪಮ್ಮ ಅವನನ್ನೂ ಸೇರಿಸಿ ತನ್ನ ಹತ್ತು ಜನರಲ್ಲಿ ಒಂಬತ್ತು ಎಣಿಸಿದ್ದಳು. "ಒಂಬತ್ ಜನ ಅವ್ರೆ ಅಂತ ಹೇಳೋಗವ್ವ. ಇನ್ನೊಬ್ರು ಮುಂದ್ಗಡೆ ಇರ್ತಾರೆ."

ಹನ್ನೊಂದು, ಒಂಬತ್ತು. ಓಡುತ್ತಲೇ ಕೂಡಿದೆ. "ಇಪ್ಪತ್ತು! ಅಬ್ಬಾ, ಇಪ್ಪತ್ತೂ ಸಿಕ್ಕಿದ್ರು!" ಅಬ್ಬಾ ಅಲ್ಲಾನನ್ನು ನೆನೆದು ನೆಲದ ಮೇಲೆ ಕುಸಿದರು. ಒದ್ದೆ ಗೋಣಿ ಹೊದ್ದು ಒಳನುಗ್ಗಲು ನಿಂತಿದ್ದ ಇಬ್ಬರು ಗೋಣಿ ಕೆಳಗಿಟ್ಟು ಹೊರಗಿನಿಂದ ನೀರು ಎರಚತೊಡಗಿದರು. ಯಾರೋ ನನ್ನ ತಲೆ ಸವರಿದರು.

ಸಿದ್ದಣ್ಣ ಬೀದಿಗೆ ಮರಳಿ ಬಂದು ಸುತ್ತ ನೋಡಿ, "ಅಕ್ಕೋರೆಲ್ಲಿ?" ಎಂದ. ಅವನನ್ನು ಅಲ್ಲಿಯೂ ಇಲ್ಲಿಯೂ ಎಣಿಸಿದ್ದೆವು. ಫುಪ್ಪಿಯನ್ನು ಎಲ್ಲಿಯೂ ಎಣಿಸಿರಲಿಲ್ಲ. ಆ ಹತ್ತು ಎಲ್ಲಿಂದ ಬಂತೆಂದು ನನಗೆ ಆಗ ಗೊತ್ತಾಯಿತು. ಗೋಣಿ ಹೊದ್ದು ಒಳಗೆ ಹೋದವನು ಅವನೇ. ಫುಪ್ಪಿಯನ್ನು ಹೊತ್ತು ತಂದಾಗ ಅವರ ಮೈ ಸುಟ್ಟಿರಲಿಲ್ಲ. ಹೊಗೆ ಎದೆಯೊಳಗೆ ಹೋಗಿತ್ತು. ಎಷ್ಟು ನಿಮಿಷ ಕಳೆದಿತ್ತು? ನಾಲ್ಕು ಎಂದ ಸಿದ್ದಣ್ಣ. ಡಿಗ್ರಿಯಲ್ಲಿ ಗಣಿತವನ್ನೇ ಓದಿದ ನಾನು ಓಣಿಯ ಉದ್ದವನ್ನೂ ನನ್ನ ಕಾಲಿನ ವೇಗವನ್ನೂ ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ಅದು ಒಮ್ಮೊಮ್ಮೆ ಮೂರು, ಒಮ್ಮೊಮ್ಮೆ ಏಳು.

ಆಸ್ಪತ್ರೆಯಿಂದ ಬಂದ ಮೇಲೆ ಒಂದು ದಿನ ಅವರ ಕಾಲ ಬಳಿ ಕೂತು, ಇಪ್ಪತ್ತು ಎಂದು ಕೂಗಿದವಳು ನಾನೇ ಎಂದು ಹೇಳಿದೆ. ಉಸಿರು ಕೂಡಿಸಿಕೊಳ್ಳಲು ಅವರಿಗೆ ಹೊತ್ತು ಹಿಡಿಯಿತು. "ಎಣಿಸಿದ್ದು ದೊಡ್ಡೋರು. ನೀನು ಬರೀ ಕೂಡ್ದೆ," ಎಂದರು. ಅಬ್ಬಾ ಬಾಗಿಲಲ್ಲೇ ನಿಂತಿದ್ದರು. ಅವರು ಅದನ್ನು ಕೇಳಿಸಿಕೊಂಡರೆಂದು ನನಗೆ ಗೊತ್ತು.

ಎರಡು ತಿಂಗಳು ಮನೆಯಲ್ಲಿ ಯಾರೂ ಸರಿಯಾಗಿ ಮಲಗಲಿಲ್ಲ. ಫುಪ್ಪಿಯ ಕೆಮ್ಮು ಶುರುವಾದರೆ ಅಮ್ಮಿ ನೀರು ಕಾಯಿಸುತ್ತಿದ್ದರು, ಅಬ್ಬಾ ಅಕ್ಕನನ್ನು ಎದೆಗೆ ಒರಗಿಸಿಕೊಂಡು ಬೆಳಗಿನವರೆಗೂ ಕೂರುತ್ತಿದ್ದರು. ಕೆಮ್ಮು ನಿಂತರೆ ಇನ್ನೂ ಭಯ. ಉಸಿರು ಆಡುತ್ತಿದೆಯೇ ಎಂದು ಮೂವರೂ ಕಿವಿಗೊಟ್ಟು ಎಚ್ಚರವಾಗಿರುತ್ತಿದ್ದೆವು. ಆಮೇಲೆ ಶೆಡ್ಡುಗಳು ಮತ್ತೆ ತೆರೆಯಲಿಲ್ಲ. ಆ ಜಾಗದಲ್ಲಿ ಈಗ ಮೊಬೈಲ್ ಅಂಗಡಿಗಳಿವೆ.

ಆ ಎರಡು ತಿಂಗಳು ಕಳೆದು ಅಬ್ಬಾ ಫುಪ್ಪಿಯನ್ನು ಮಣ್ಣು ಮಾಡಿ ಬಂದ ರಾತ್ರಿ ನಾವು ಮೂವರೂ ನಡುಮನೆಯಲ್ಲಿ ಚಾಪೆಯ ಮೇಲೆ ಬಿದ್ದುಕೊಂಡೆವು. ಮರುದಿನ ನಾನು ಕಣ್ಣು ಬಿಟ್ಟಾಗ ಬಿಸಿಲು ಗೋಡೆಯ ಅರ್ಧಕ್ಕೆ ಬಂದಿತ್ತು. ನಸುಕಿನ ಫಜರ್ ನಮಾಜು ಎಂದೂ ತಪ್ಪಿಸದ ಅಬ್ಬಾ ಬಾಯಿ ತೆರೆದು ಮಲಗಿದ್ದರು. ಅಮ್ಮಿ ಗಾಬರಿಯಿಂದ ಎದ್ದು ಕೂತು ಫುಪ್ಪಿಯ ಹಾಸಿಗೆಯತ್ತ ನೋಡಿದರು. ಮತ್ತೆ ಮೆಲ್ಲನೆ ಮಲಗಿಕೊಂಡರು.