ಆಫ್ ಆಗಬಾರದ ಫೋನು

ಪ್ರೆಸ್ಸಿನಲ್ಲಿ ಆ ಬೈಂಡರನನ್ನು ಎಲ್ಲರೂ ಗಾಬರಿರಾಯ ಎಂದೇ ಕರೆಯುತ್ತಿದ್ದರು. ಮೊದಲು ಅವನು ಹಾಗಿರಲಿಲ್ಲ. ಇಪ್ಪತ್ತೆರಡು ವರ್ಷ ಪುಸ್ತಕ ಹೊಲಿದು, ರಟ್ಟು ಅಂಟಿಸಿ, ಅಂಚು ಕತ್ತರಿಸಿದ ಕೈ ಅವನದು. ಕಟಿಂಗ್ ಮಷೀನಿನ ಅಲಗು ಇಳಿಯುತ್ತಿದ್ದರೂ ಪಕ್ಕದವನ ಜೊತೆ ಹರಟೆ ಹೊಡೆಯುವಷ್ಟು ನಿರುಮ್ಮಳ ಜೀವ. ಹೆಂಡತಿಯ ಎರಡೂ ಕಿಡ್ನಿ ಕೈಕೊಟ್ಟ ಮೇಲೆ ಆ ಹೆಸರು ಅಂಟಿಕೊಂಡಿತು.

ವಾರಕ್ಕೆ ಮೂರು ಸಲ ಡಯಾಲಿಸಿಸ್. ಕುಡಿಯುವ ನೀರನ್ನೂ ಅಳೆದು ಕುಡಿಯಬೇಕು. ಇವನ ಕಿಡ್ನಿ ಅವಳಿಗೆ ಹೊಂದಲಿಲ್ಲ, ಅವಳ ಅಕ್ಕನದೂ ಹೊಂದಲಿಲ್ಲ. ಕೊನೆಗೆ ದಾನಿಯ ಕಿಡ್ನಿಗಾಗಿ ಆಸ್ಪತ್ರೆಯ ಪಟ್ಟಿಯಲ್ಲಿ ಹೆಸರು ಬರೆಸಿ ಕಾಯುವುದೊಂದೇ ಉಳಿಯಿತು. ಹೆಸರು ಬರೆದುಕೊಂಡ ಮೇಡಂ ಅವತ್ತೇ ಖಡಾಖಂಡಿತವಾಗಿ ಹೇಳಿದ್ದರು.

"ಫೋನ್ ನಾಳೆನೂ ಬರಬಹುದು, ಮೂರು ವರ್ಷ ಬಿಟ್ಟೂ ಬರಬಹುದು. ಮೂರು ಸಲ ಮಾಡ್ತೀವಿ. ಎತ್ತಲಿಲ್ಲ ಅಂದ್ರೆ ಮುಂದಿನ ಹೆಸರಿಗೆ ಹೋಗ್ತೀವಿ. ಆಮೇಲೆ ನಮ್ಮನ್ನ ಬೈಕೋಬೇಡಿ."

ಫಾರಮಿನಲ್ಲಿ ಎರಡು ನಂಬರಿಗೆ ಜಾಗವಿತ್ತು. ಹೆಂಡತಿಗೆ ಬೇರೆ ಫೋನಿರಲಿಲ್ಲ. ಅವಳ ಅಕ್ಕ ಹೊಲಿಗೆ ಫ್ಯಾಕ್ಟರಿಗೆ ಹೋಗುವವಳು. ಅಲ್ಲಿ ಬೆಳಗ್ಗೆ ಗೇಟಿನಲ್ಲೇ ಫೋನ್ ಕಸಿದಿಟ್ಟುಕೊಂಡು ಸಂಜೆ ಕೊಡುತ್ತಾರೆ. ಹೀಗಾಗಿ ಭಾರವೆಲ್ಲ ಇವನ ಅಂಗಿಜೇಬಿನ ಮೇಲೇ ಬಿತ್ತು.

ಆ ಜೇಬಿನಲ್ಲಿದ್ದದ್ದು ಸೆಕೆಂಡ್ ಹ್ಯಾಂಡ್ ಸ್ಮಾರ್ಟ್‌ಫೋನು. ಕೊಳ್ಳುವಾಗ ಅಂಗಡಿಯವನು ಸೆಟ್ಟಿಂಗ್ ತೆರೆದು, "ನೋಡಿ ಸಾರ್, ಬ್ಯಾಟರಿ ಹೆಲ್ತು ನೂರಕ್ಕೆ ನೂರು" ಎಂದು ತೋರಿಸಿದ್ದ. ನಾಲ್ಕು ತಿಂಗಳು ಅದು ಮರ್ಯಾದೆಯಿಂದಲೇ ಇತ್ತು. ಆಮೇಲೆ ನಾಟಕ ಶುರುವಾಯಿತು. ನಲವತ್ತು ತೋರಿಸುತ್ತಿದ್ದದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಹನ್ನೆರಡಕ್ಕೆ ಇಳಿಯುತ್ತಿತ್ತು. ಕೆಲವು ಸಲ ಅದೂ ಇಲ್ಲದೆ ಪರದೆ ಕಪ್ಪಾಗುತ್ತಿತ್ತು. ಬೈಂಡರ ಮನೆಗೊಂದು, ಪ್ರೆಸ್ಸಿಗೊಂದು, ಡಯಾಲಿಸಿಸ್ ವಾರ್ಡಿಗೊಂದು ಚಾರ್ಜರ್ ಇಟ್ಟ. ಪ್ರೆಸ್ಸಿನಲ್ಲಿ ಪ್ಲಗ್ಗು ಇದ್ದದ್ದು ಒಂದೇ ಕಡೆ, ಅಂಟು ಕಾಯಿಸುವ ಒಲೆಯ ಪಕ್ಕ. ಬೆಳಗಿನಿಂದ ಸಂಜೆವರೆಗೆ ಫೋನು ಅಲ್ಲೇ ಸಿಕ್ಕಿಸಿಕೊಂಡು ಬಿದ್ದಿರುತ್ತಿತ್ತು. ಹತ್ತು ನಿಮಿಷಕ್ಕೊಮ್ಮೆ ಸೂಜಿ ದಾರ ಬಿಟ್ಟು ಓಡಿಹೋಗಿ ನೋಡಿ ಬರುತ್ತಿದ್ದ.

"ಗಾಬರಿರಾಯರೇ, ಅದೇನು ಫೋನೋ ಒಲೆ ಮೇಲಿಟ್ಟ ಹಾಲೋ?" ಎಂದು ಜೊತೆಯವರು ನಗುತ್ತಿದ್ದರು.

ಒಂದು ಮಧ್ಯಾಹ್ನ ರಟ್ಟು ತರಲು ಹೊರಗೆ ಹೋದವನು ದಾರಿಯಲ್ಲಿ ಜೇಬಿನಿಂದ ಫೋನು ತೆಗೆದರೆ ಅದು ಸತ್ತು ಮಲಗಿತ್ತು. ಹೊರಡುವಾಗ ಐವತ್ತೊಂದು ಇತ್ತು, ಕಣ್ಣಾರೆ ನೋಡಿದ್ದ. ರಟ್ಟಿನ ಆಸೆ ಬಿಟ್ಟು ಪ್ರೆಸ್ಸಿಗೆ ಓಡಿ ಚಾರ್ಜರಿಗೆ ಹಾಕಿದ. ಜೀವ ಬರಲು ಫೋನು ಐದು ನಿಮಿಷ ಸತಾಯಿಸಿತು. ಬಂದದ್ದೇ ಒಂದು ಸಂದೇಶ ತೋರಿಸಿತು: ಫೋನ್ ಆಫ್ ಇದ್ದಾಗ ಒಂದೇ ನಂಬರಿನಿಂದ ಎರಡು ಕರೆ. ಗುರುತಿಲ್ಲದ ನಂಬರು.

ಎರಡೇ ಸಲ ಮಾಡಿದ್ದಾರೆ, ಮೂರನೆಯದು ಬಾಕಿ ಇದೆ ಎಂದುಕೊಂಡ. ಇಲ್ಲ, ಮೂರನೆಯದು ಲೆಕ್ಕಕ್ಕೆ ಸಿಕ್ಕಿಲ್ಲವೇನೋ ಎಂದುಕೊಂಡ. ಅಂಟು ಮೆತ್ತಿದ ಬೆರಳಿಗೆ ಪರದೆ ಸ್ಪಂದಿಸದೆ, ಅಂಗಿಗೆ ಒರೆಸಿಕೊಂಡು ಮತ್ತೆ ಒತ್ತಿದ.

"ನಮಸ್ಕಾರ ಸಾರ್," ಎಂದಿತು ಇನಿದನಿ. "ನಿಮ್ಮ ಮನೆಯ ಕುಡಿಯುವ ನೀರು ಶುದ್ಧವಾಗಿದೆಯೇ?"

ವಾಟರ್ ಫಿಲ್ಟರ್ ಮಾರುವವರು. ಬೈಂಡರ ಒಲೆಯ ಪಕ್ಕದ ಕಾಗದದ ಕಟ್ಟಿನ ಮೇಲೆ ಕುಸಿದು ಕೂತ. ಅವತ್ತು ಯಾರೂ ಅವನನ್ನು ಗಾಬರಿರಾಯ ಎನ್ನಲಿಲ್ಲ. ಮೇಸ್ತ್ರಿಯೇ ಬಂದು, "ಮೊದಲು ಹೋಗಿ ಅದರ ಬ್ಯಾಟರಿ ಬದಲಾಯಿಸಪ್ಪ. ನಿನ್ನ ಕೆಲಸ ನಾನು ನೋಡ್ಕೋತೀನಿ" ಎಂದ.

ಎರಡು ಬೀದಿ ಆಚೆ, ಮೆಟ್ಟಿಲಿನ ಕೆಳಗಿನ ಸಂದಿಯಲ್ಲಿ ಒಬ್ಬ ಹೆಂಗಸಿನ ಮೊಬೈಲ್ ರಿಪೇರಿ ಅಂಗಡಿ ಇತ್ತು. ಒಂದು ಮೇಜು, ಒಂದು ದೀಪ, ಸ್ಕ್ರೂಗಳಿಗೆ ಮಾತ್ರೆ ಡಬ್ಬಿಗಳು. ಅವಳು ಫೋನನ್ನು ಕೈಗೆ ತೆಗೆದುಕೊಂಡು ಅಡ್ಡಲಾಗಿ ಹಿಡಿದು ನೋಡಿದಳು.

"ಅಣ್ಣಾ, ಇದು ಉಬ್ಬಿದೆ. ಹಿಂದುಗಡೆ ಮುಚ್ಚಳ ಎದ್ದಿರೋದು ಕಾಣಿಸ್ತಿಲ್ವಾ?"

ಕಂಡಿತು. ತೇವ ಹಿಡಿದ ರಟ್ಟು ಅಂಚಿನಲ್ಲಿ ಬಿಟ್ಟುಕೊಳ್ಳುವುದನ್ನು ಜೀವಮಾನವಿಡೀ ದೂರದಿಂದಲೇ ಗುರುತು ಹಿಡಿದವನಿಗೆ, ಸ್ವಂತ ಜೇಬಿನಲ್ಲಿದ್ದದ್ದು ಕಂಡಿರಲಿಲ್ಲ.

"ಆದ್ರೆ ನೂರಕ್ಕೆ ನೂರು ಅಂತ ತೋರಿಸ್ತಿತ್ತಲ್ಲಮ್ಮ?"

"ನಂಬರು ಹೊಸದು, ಬ್ಯಾಟರಿ ಹಳೇದು. ಅಗ್ಗದ್ದು ಹಾಕಿ, ನೂರು ತೋರಿಸೋ ಹಾಗೆ ಮಾಡಿ ಮಾರ್ತಾರೆ. ಎಲ್ಲಿ ಇಟ್ಟು ಚಾರ್ಜ್ ಮಾಡ್ತಿದ್ರಿ?"

ಅವನು ಹೇಳಿದ. ಅವಳು ಹಣೆ ಚಚ್ಚಿಕೊಂಡಳು. "ಒಲೆ ಪಕ್ಕ! ಅದೂ ಬೆಳಗಿಂದ ಸಂಜೆತನಕ! ಶಾಖ ಅಂದ್ರೆ ಬ್ಯಾಟರಿಗೆ ವಿಷ ಅಣ್ಣಾ. ನೀವು ಕಾಪಾಡ್ತಿದ್ದೀನಿ ಅಂದ್ಕೊಂಡು ಬೇಯಿಸಿಟ್ಟಿದ್ದೀರಿ. ಬಿಟ್ಟು ಹೋಗಿ, ಒಂದು ಗಂಟೆ ಬೇಕು."

"ಒಂದು ಗಂಟೆ ಆಫ್ ಮಾಡ್ತೀರಾ?" ಅವನ ಕೈ ತಾನಾಗಿ ಫೋನಿನ ಮೇಲೆ ಹೋಯಿತು. "ಆಗಲ್ಲಮ್ಮ. ಆಫ್ ಮಾಡೋ ಹಾಗಿಲ್ಲ." ಕಿಡ್ನಿ, ಪಟ್ಟಿ, ಮೂರು ಕರೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಅವಳು ಕೊನೆತನಕ ಕೇಳಿಸಿಕೊಂಡು, ಡ್ರಾಯರಿನಿಂದ ಹಳೆಯ ಬಟನ್ ಫೋನೊಂದನ್ನು ತೆಗೆದಳು.

"ಕರೆ ಬರೋದು ಸಿಮ್ಮಿಗೆ ಅಣ್ಣಾ, ಈ ಡಬ್ಬಿಗಲ್ಲ. ಇದಕ್ಕೆ ಹಾಕಿ ಕೊಡ್ತೀನಿ, ಕೈಯಲ್ಲೇ ಹಿಡ್ಕೊಂಡು ಕೂತ್ಕೊಳ್ಳಿ."

ಇಷ್ಟು ಸಣ್ಣ ಸಂಗತಿ ಇಷ್ಟು ದಿನ ತಲೆಗೆ ಹೊಳೆಯಲಿಲ್ಲವಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಆದರೂ ಸಿಮ್ಮು ಹೊರಬಂದು ಇನ್ನೊಂದರಲ್ಲಿ ಕೂರುವ ಆ ಎರಡು ನಿಮಿಷ ಅವನು ಅವಳ ಬೆರಳುಗಳಿಂದ ಕಣ್ಣು ತೆಗೆಯಲಿಲ್ಲ. ಅವಳು ಮುಚ್ಚಳಕ್ಕೆ ಮೆಲ್ಲಗೆ ಬಿಸಿ ಕೊಟ್ಟು, ತೆಳ್ಳನೆ ಪ್ಲಾಸ್ಟಿಕ್ ಪಟ್ಟಿ ತೂರಿಸಿ ಬಿಡಿಸಿದಳು. ಒಳಗೆ ಬ್ಯಾಟರಿ ದಿಂಬಿನಂತೆ ಊದಿಕೊಂಡಿತ್ತು. "ಹತ್ರ ಬಗ್ಗಬೇಡಿ, ಚುಚ್ಚಿಬಿಟ್ರೆ ಹೊತ್ಕೊಳ್ಳುತ್ತೆ" ಎಂದಳು. ಅದನ್ನೇ ಅವನು ರಾತ್ರಿ ದಿಂಬಿನ ಪಕ್ಕ ಇಟ್ಟುಕೊಂಡು ಮಲಗುತ್ತಿದ್ದ.

ಅಷ್ಟರಲ್ಲಿ ಬಟನ್ ಫೋನು ರಿಂಗಾಯಿತು. ಗುರುತಿಲ್ಲದ ನಂಬರು. ಅವಳ ಕೈಯ ಚಿಮಟ ಅಲ್ಲೇ ನಿಂತಿತು. ಅವನು ಎದ್ದುನಿಂತು ಹಸಿರು ಗುಂಡಿ ಒತ್ತಿದ.

"ರೀ, ಎಲ್ಲಿದ್ದೀರಿ? ಪಕ್ಕದ ಮನೆಯವರ ಫೋನಿಂದ ಮಾಡ್ತಿದ್ದೀನಿ. ಈಗ ತಾನೇ ಮಾಡಿದಾಗ ಸ್ವಿಚ್ ಆಫ್ ಅಂತ ಬಂತಲ್ಲ, ನನಗೆ ಜೀವ ಹೋದ ಹಾಗಾಯ್ತು."

"ನಿನಗೆ ಹೋಯ್ತಾ? ನನಗೆ ಬೆಳಗಿಂದ ನಾಲ್ಕು ಸಲ ಹೋಗಿ ಬಂತು ಕಣೇ!" ಎಂದು ಗದರಿದವನ ದನಿ ನಡುವೆಯೇ ಒಡೆಯಿತು. ರಿಪೇರಿಯವಳು ತಲೆ ತಗ್ಗಿಸಿ ಸ್ಕ್ರೂ ಹುಡುಕುವವಳಂತೆ ಕೂತಳು.

ಹೊಸ ಬ್ಯಾಟರಿ ಹೇಳಿದ ಮಾತು ಕೇಳಿತು. ಅಂಟಿನ ಒಲೆಯಿಂದ ದೂರ, ಕಿಟಕಿಯ ಬಳಿಗೆ ಮೇಸ್ತ್ರಿ ಒಂದು ಪ್ಲಗ್ಗು ಎಳೆಸಿಕೊಟ್ಟ. ಆದರೆ ಫೋನು ಸರಿಹೋದ ಮೇಲೆ ಬೈಂಡರನಿಗೆ ಹೊಸ ಚಿಂತೆ ಹತ್ತಿತು: ಇಷ್ಟು ದಿನ ಕರೆ ಬರಲಿಲ್ಲವೆಂದರೆ ಫೋನಿನ ಮೇಲೆ ತಪ್ಪು ಹಾಕಬಹುದಿತ್ತು. ಈಗ ಯಾರ ಮೇಲೆ ಹಾಕುವುದು?

ಬ್ಯಾಟರಿ ಬದಲಿಸಿದ ಒಂಬತ್ತನೆಯ ವಾರ, ಬೆಳಗ್ಗೆ ಹನ್ನೊಂದರ ಹೊತ್ತಿಗೆ ಕರೆ ಬಂತು. ಮೊದಲ ರಿಂಗಿಗೇ ಎತ್ತಿದ. "ಒಂದು ಕಿಡ್ನಿ ಬಂದಿದೆ. ಅವರಿಗೆ ಏನೂ ತಿನ್ನಿಸಬೇಡಿ, ಕೂಡಲೇ ಕರ್ಕೊಂಡು ಬನ್ನಿ. ಆದ್ರೆ ನಿಮ್ಮದು ಎರಡನೇ ಹೆಸರು, ನೆನಪಿರ್ಲಿ," ಎಂದರು ಮೇಡಂ.

ಆಸ್ಪತ್ರೆಯ ಬೆಂಚಿನ ಆ ತುದಿಯಲ್ಲಿ ಮೊದಲ ಹೆಸರಿನವಳ ತಾಯಿ ಸೆರಗಿನ ಅಂಚನ್ನು ಹಿಂಡುತ್ತ ಕೂತಿದ್ದಳು, ಮಗಳು ಒಳಗಿದ್ದಳು. ರಕ್ತ ತೆಗೆದರು, ಕಾಯಿಸಿದರು. ಅವಳಿಗೆ ಹೊಂದದಿದ್ದರೆ ಮಾತ್ರ ಇವಳಿಗೆ. ಹಾಗೆಂದು ಬೇಡಿಕೊಳ್ಳಲು ಬೈಂಡರನಿಗೆ ಬಾಯಿ ಬರಲಿಲ್ಲ, ಬೇಡಿಕೊಳ್ಳದೆ ಇರಲೂ ಆಗಲಿಲ್ಲ. ಐದು ಗಂಟೆಗೆ ಮೇಡಂ ಹೊರಗೆ ಬಂದು ಮೊದಲು ಆ ತಾಯಿಯ ಹತ್ತಿರ ಹೋದರು. ಕಿಡ್ನಿ ಆ ಮಗಳಿಗೇ ಹೊಂದಿದೆ ಎಂದು ಅವನಿಗೆ ಅಷ್ಟರಲ್ಲೇ ಗೊತ್ತಾಯಿತು.

ಅವನು ನೆಲ ನೋಡುತ್ತ ಕೂತಿದ್ದಾಗ ಹೆಂಡತಿ ಎದ್ದು ಹೋಗಿ ಆ ತಾಯಿಯ ಕೈ ಹಿಡಿದುಕೊಂಡಳು. ಇಬ್ಬರೂ ಏನು ಮಾತಾಡಿದರೋ ಅವನಿಗೆ ಕೇಳಿಸಲಿಲ್ಲ. ವಾಪಸು ಬಂದವಳು ಅವನ ಪಕ್ಕ ಕೂತಳು.

"ಒಂದು ವಿಷಯ ಹೇಳ್ಲಾ? ಆ ಪಟ್ಟಿ ಅನ್ನೋದು ನಿಜಕ್ಕೂ ಇದೆಯೋ, ಸುಮ್ಮನೆ ಸಮಾಧಾನಕ್ಕೆ ಹೇಳ್ತಾರೋ ಅಂತ ನನಗೆ ಅನುಮಾನ ಇತ್ತು."

"ನನಗೂ ಇತ್ತು," ಎಂದ ಅವನು. ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

"ಇದೆ ರೀ. ಎರಡನೇದು ನಂದೇ." ಅವಳು ಚಪ್ಪಲಿಗೆ ಕಾಲು ತೂರಿಸಿದಳು. "ಏಳಿ, ಹೊಟ್ಟೆ ಚುರುಗುಟ್ತಿದೆ. ಬೆಳಗ್ಗೆ ಏಳಕ್ಕೆ ಮತ್ತೆ ಡಯಾಲಿಸಿಸ್ಸಿಗೆ ಬರಬೇಕು."