ಅಣ್ಣನಿಗೆ ಕಾಣದ ಕೆಂಪು

ಅತ್ತಿಗೆಯ ಫೋನ್ ಬಂದಾಗ ನಾನು ಮಣಿಪಾಲದ ಆಫೀಸಿನಲ್ಲಿದ್ದೆ. ಬೆಳಗಿನ ಹತ್ತು ಗಂಟೆ.

"ನಿನ್ನ ಅಣ್ಣ ಬೆಳಿಗ್ಗೆಯೇ ದೋಣಿ ತೆಗೆದುಕೊಂಡು ಹೋಗಿದ್ದಾರೆ. ಈಗ ಗಾಳಿ ಜೋರುಂಟು. ಫೋನ್ ತಾಗುವುದಿಲ್ಲ."

"ಇವತ್ತು ಹೋಗಬಾರದು ಅಂತ ವೆಬ್‌ಸೈಟಿನಲ್ಲಿ ಉಂಟಲ್ಲ ಅತ್ತಿಗೆ?"

"ಅದನ್ನು ನೋಡಿಯೇ ಹೋದದ್ದು. ಹೋಗಬಹುದು ಅಂದರು."

ಆ ವೆಬ್‌ಸೈಟ್ ಮಾಡಿದವಳು ನಾನೇ. ಕಾಪುವಿನ ಕೆಲವು ಮೀನುಗಾರರು ಸೇರಿ ನಮ್ಮ ಸಣ್ಣ ಆಫೀಸಿಗೆ ಕೊಟ್ಟ ಕೆಲಸ; ಶುರುವಾದ ಮೇಲೆ ಕೆಂಪು ಬಂದದ್ದು ಇದೇ ಮೊದಲು. ದಿನಕ್ಕೊಂದು ವೃತ್ತ: ಕಡು ಹಸಿರಾದರೆ ಕಡಲಿಗಿಳಿಯಬಹುದು, ಕೆಂಪಾದರೆ ಇಳಿಯಬಾರದು. ಅಕ್ಷರ ಹೆಚ್ಚಾದರೆ ಯಾರೂ ಓದುವುದಿಲ್ಲ ಎಂದು ವಾದಿಸಿ ಎಲ್ಲವನ್ನೂ ತೆಗೆಸಿದವಳೂ ನಾನೇ.

ಉಡುಪಿಗೆ ಒಂದು ಬಸ್ಸು, ಅಲ್ಲಿಂದ ಕಾಪುವಿಗೆ ಇನ್ನೊಂದು. ದಾರಿಯುದ್ದಕ್ಕೂ ಆ ಪುಟವನ್ನು ಮತ್ತೆ ಮತ್ತೆ ತೆರೆದೆ. ಪ್ರತಿ ಸಲವೂ ಕೆಂಪೇ. ಸೀಟು ಸಿಕ್ಕಿದರೂ ಕೂರಲಾಗಲಿಲ್ಲ.

ಅತ್ತಿಗೆ ದಡದಲ್ಲಿ ಸೆರಗು ಬಿಗಿಹಿಡಿದು ನಿಂತಿದ್ದರು. ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ದೋಣಿ ಕಾಣಿಸಿತು. ಅರ್ಧ ನೀರು ತುಂಬಿತ್ತು, ಬಲೆ ಇರಲಿಲ್ಲ. ಅಣ್ಣ ಇನ್ನೂ ನೀರು ಚೆಲ್ಲುತ್ತಲೇ ಇದ್ದ.

ಕೆಂಪಿದ್ದರೂ ಯಾಕೆ ಹೋದೆ ಎಂದು ಊಟಕ್ಕೆ ಕುಳಿತಾಗ ಕೇಳಿದೆ. "ಅವಸರದಲ್ಲಿ ತಪ್ಪಿ ನೋಡಿದ್ದು" ಎಂದ. ನಾನು ಬಿಡಲಿಲ್ಲ. ನಿನ್ನೆಯ ಹಸಿರು ವೃತ್ತವನ್ನೂ ಇಂದಿನ ಕೆಂಪನ್ನೂ ಒಟ್ಟಿಗೆ ತೋರಿಸಿದೆ.

ಅವನು ತುಂಬಾ ಹೊತ್ತು ನೋಡಿದ. "ಎರಡೂ ಒಂದೇ ಅಲ್ವಾ? ಒಣಗಿದ ಎಲೆಯ ಹಾಗೆ."

ಆಮೇಲೆ ತಟ್ಟೆ ನೋಡುತ್ತಲೇ ಹೇಳಿದ. ವರ್ಷಗಳ ಹಿಂದೆ ಹಡಗಿನ ಕೆಲಸ ಕೇಳಲು ಹೋದಾಗ ವೈದ್ಯರು ಬಣ್ಣದ ಚುಕ್ಕೆಗಳ ಪುಸ್ತಕ ತೋರಿಸಿದ್ದರಂತೆ. ಚುಕ್ಕೆಗಳ ನಡುವಿನ ಅಂಕಿ ಅವನಿಗೆ ಕಾಣಲಿಲ್ಲ, ಕೆಲಸ ಸಿಗಲಿಲ್ಲ. ಮನೆಯಲ್ಲಿ ಮಾತ್ರ, ಹಡಗು ನನಗೆ ಬೇಡ ಎಂದಿದ್ದ. ಸೋಮಾರಿ ಎಂದು ಅಪ್ಪ ಬೈದದ್ದು ನನಗೂ ನೆನಪಿದೆ.

"ಮತ್ತೆ ನನ್ನ ಸೀರೆ ಚಂದ ಉಂಟು ಅಂತ ಹೇಳ್ತಿದ್ದದ್ದು?" ಅತ್ತಿಗೆ ಕೇಳಿದರು.

"ಚಂದ ಇತ್ತಲ್ಲ" ಎಂದ.

ಮರುದಿನ ಆಫೀಸಿನಲ್ಲಿ ನನ್ನ ಮೇಲಿನವರು, "ಬಣ್ಣ ಬದಲಿಸಿದರೆ ಸಾಕಲ್ಲ?" ಎಂದರು. ಸಾಕಾಗದು ಎಂದೆ. ಹಸಿರಿನ ಬದಲು ತಿಳಿ ನೀಲಿ ಹಾಕಿ ಒಳಗೆ 'ಹೋಗಬಹುದು' ಎಂದು ಬರೆದೆ. ಕೆಂಪನ್ನು ಗಾಢ ಕಿತ್ತಳೆ ಮಾಡಿ, ವೃತ್ತವನ್ನೇ ತೆಗೆದು ದೊಡ್ಡ ಅಡ್ಡಗೀಟುಗಳನ್ನಿಟ್ಟು, 'ಹೋಗಬೇಡಿ' ಎಂದು ಬರೆದೆ. ಆ ಎರಡು ಗುರುತುಗಳನ್ನು ಕಪ್ಪು ಬಿಳುಪಿನಲ್ಲಿ ಮುದ್ರಿಸಿ ನೋಡಿದೆ; ಬಣ್ಣವಿಲ್ಲದೆಯೂ ಅರ್ಥವಾಗುತ್ತಿತ್ತು.

ಅಣ್ಣನನ್ನು ಮಣಿಪಾಲಕ್ಕೆ ಕರೆಸಿದೆ. ಇಸ್ತ್ರಿ ಹಾಕಿದ ಅಂಗಿ ತೊಟ್ಟು ಬಂದು ನನ್ನ ಕುರ್ಚಿಯ ತುದಿಯಲ್ಲಿ ಕುಳಿತ. ತೋರಿಸಿದ ಕೂಡಲೇ "ಈಗ ಗೊತ್ತಾಗ್ತದೆ" ಎಂದ. ಆ ಅವಸರದ ಉತ್ತರವನ್ನು ನಾನು ನಂಬಲಿಲ್ಲ. "ಸುಮ್ಮನೆ ಹೇಳಬೇಡ, ಕೆಳಗಿನವರೆಗೂ ನೋಡು" ಎಂದೆ.

ಪುಟದ ಕೊನೆಯಲ್ಲಿ ಕಪ್ಪು ಪಟ್ಟಿಯ ಹತ್ತಿರ ಬೆರಳಿಟ್ಟ. "ಇಲ್ಲಿ ಎಂತ ಉಂಟು ಮಾರಾಯ್ತಿ? ಖಾಲಿಯಾ?"

ಖಾಲಿ ಅಲ್ಲ. ಕಡಲಿನಲ್ಲಿ ಅಪಾಯವಾದರೆ ಕರೆ ಮಾಡುವ ನಂಬರು ಅಲ್ಲಿತ್ತು. ಎದ್ದು ಕಾಣಲಿ ಎಂದು ಕಪ್ಪಿನ ಮೇಲೆ ಕೆಂಪಿನಲ್ಲಿ ಬರೆದಿದ್ದೆ. ಅವನು ಅಲ್ಲೇ ಕೂತಿದ್ದಾಗ ಅದನ್ನು ಬಿಳಿ ಮಾಡಿದೆ. ಅವನು ಅಂಕಿಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿದ.

ಅವನೀಗ ಹೊರಡುವ ಮೊದಲು ಮೊಬೈಲನ್ನು ಅತ್ತಿಗೆಗೂ ತೋರಿಸುತ್ತಾನೆ. ನನಗೆ ಮಾತ್ರ ಸಮಾಧಾನವಿಲ್ಲ. ನಾನು ಹಿಂದೆ ಮಾಡಿದ ವೆಬ್‌ಸೈಟುಗಳನ್ನೆಲ್ಲ ತೆರೆದು ನೋಡುತ್ತಿದ್ದೇನೆ. ಕಾರ್ಕಳದ ಒಂದು ಕ್ಲಿನಿಕ್ಕಿಗೆ ಮಾಡಿದ್ದರಲ್ಲಿ, ರೋಗಿಗಳ ಫಾರ್ಮಿನಲ್ಲಿ ತುಂಬದೆ ಬಿಟ್ಟ ಜಾಗದ ಅಂಚು ಕೆಂಪಾಗುತ್ತದೆ, ಬೇರೇನೂ ಹೇಳುವುದಿಲ್ಲ. ಉಡುಪಿಯ ಒಂದು ಟ್ಯೂಷನ್ ಕೇಂದ್ರದ್ದರಲ್ಲಿ ಪಾಸು, ಫೇಲು ಎರಡೂ ಬಣ್ಣದಲ್ಲೇ. ಇಬ್ಬರಿಗೂ ಬರೆದೆ, ನಾನೇ ಸರಿಮಾಡಿ ಕೊಡುತ್ತೇನೆ ಎಂದೆ. ಟ್ಯೂಷನ್‌ನವರು ಒಪ್ಪಿದರು. ಕ್ಲಿನಿಕ್ಕಿನವರು, ಇಲ್ಲಿಯವರೆಗೆ ಯಾರೂ ದೂರು ಕೊಟ್ಟಿಲ್ಲ ಎಂದರು. ಅಣ್ಣನೂ ಕೊಟ್ಟಿರಲಿಲ್ಲ. ಅವರಿಗೆ ನಾಳೆ ಮತ್ತೆ ಫೋನ್ ಮಾಡಬೇಕು.