ಚಾರ್ಜ್ ಇಲ್ಲದ ಮಶೀನು

ಮೊನ್ನೆ ನೆರೂಳಿನ ನಮ್ಮ ಆಫೀಸಿನಲ್ಲಿ ಪ್ರಥಮ ಚಿಕಿತ್ಸೆಯ ತರಬೇತಿ ಇತ್ತು. ಹೃದಯ ನಿಂತವರ ಎದೆ ಒತ್ತುವ ಮಶೀನನ್ನು ರಬ್ಬರಿನ ಗೊಂಬೆಗೆ ಕಟ್ಟಿ ಚಾಲೂ ಮಾಡಿದರು. ಧಡ್, ಧಡ್, ಧಡ್... ಎಲ್ಲರೂ ಮೊಬೈಲಿನಲ್ಲಿ ವಿಡಿಯೊ ತೆಗೆಯುತ್ತಿದ್ದರು. ನನಗೆ ಅಲ್ಲಿ ಕೂರಲಾಗಲಿಲ್ಲ. ಎದುರು ಮನೆಯ ಕಾಕಾ ನೆನಪಾದರು.

ಡೊಂಬಿವಲಿಯಲ್ಲಿ ಎಂಐಡಿಸಿ ಕಾರ್ಖಾನೆಗಳ ಪಕ್ಕದ ಬಿಲ್ಡಿಂಗಿನಲ್ಲಿ ನಮ್ಮದೂ ಅವರದೂ ಎದುರುಬದುರು ಬಾಗಿಲು. ಅವರು ಧಾರವಾಡದ ಕಡೆಯವರು, ನಾವು ಉಡುಪಿಯವರು. ಅಮ್ಮ ನನ್ನನ್ನು ತುಳುವಿನಲ್ಲಿ ಬೈಯುವಾಗ ಬಾಗಿಲಿಗೆ ಬಂದು, "ಬೈಯೂದಾದ್ರ ಕನ್ನಡದಾಗ ಬೈರೀ, ನಮಗೂ ತಿಳೀಲಿ" ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಅವರ ಹೆಂಡತಿ, ನಮ್ಮ ಕಾಕು, ಬಡಿಸುತ್ತಿದ್ದವರು ಹಾಗೇ ಕುಸಿದರು. ಆಂಬುಲೆನ್ಸಿಗೆ ನಾನೂ ಹತ್ತಿದೆ. ಅಟೆಂಡೆಂಟ್ ಎರಡೂ ಕೈಯಿಂದ ಎದೆ ಒತ್ತುತ್ತಿದ್ದ. ಹೊಂಡಕ್ಕೆ ಗಾಡಿ ಕುಲುಕಿದಾಗಲೆಲ್ಲ ಅವನ ಕೈ ಜಾರುತ್ತಿತ್ತು, ಒಮ್ಮೆ ಬಿದ್ದೇಬಿಟ್ಟ. ಸೀಟಿನ ಕೆಳಗಿದ್ದ ಪೆಟ್ಟಿಗೆ ತೋರಿಸಿ ಕಾಕಾ ಅದೇನೆಂದು ಕೇಳಿದರು. ಎದೆ ಒತ್ತುವ ಮಶೀನು, ಚಾರ್ಜ್ ಇಲ್ಲ ಎಂದ, ಹಿಂದಿಯಲ್ಲಿ.

ಚಾರ್ಜ್ ಇಲ್ಲ! ಮೊಬೈಲಿಗೆ ಚಾರ್ಜ್ ಇಲ್ಲದಿದ್ದರೆ ಗಳಿಗೆ ನಿಲ್ಲಲಾರದ ಊರಿದು.

ಆಸ್ಪತ್ರೆ ಮುಟ್ಟುವಷ್ಟರಲ್ಲಿ ಕಾಕು ಹೋಗಿದ್ದರು. ಮಶೀನಿದ್ದರೂ ಉಳಿಯುತ್ತಿದ್ದರೆಂಬ ಗ್ಯಾರಂಟಿ ಇಲ್ಲ ಎಂದರು ಡಾಕ್ಟರು. ಕಾಕಾಗೆ ಹಿಂದಿ, ಮರಾಠಿ ಎಲ್ಲ ಮರೆತುಹೋಯಿತು.

"ಗ್ಯಾರಂಟಿ ಯಾರ್ ಕೇಳ್ಯಾರ್ರಿ? ಚಾರ್ಜ್ ಯಾಕ ಮಾಡಿಲ್ಲ ಅಂತ ಕೇಳಾಕತ್ತೀನಿ!"

ಆಮೇಲೆ ವಾರವಾರ ಆಂಬುಲೆನ್ಸ್ ನಿಲ್ಲುವಲ್ಲಿಗೆ ಹೋಗಿ, ಮಶೀನು ಚಾಲೂ ಮಾಡಿ ತೋರಿಸಿ ಎಂದು ನಿಂತುಬಿಡುತ್ತಿದ್ದರು. ಒಮ್ಮೆ ಬ್ಯಾಟರಿ ರಿಪೇರಿಗೆ ಹೋಗಿದೆ, ಒಮ್ಮೆ ಸಾಹೇಬರು ರಜೆ... "ಆಜೋಬಾ ಆಲೇ", ಅಜ್ಜ ಬಂದ್ರು ಎಂದು ಡ್ರೈವರುಗಳು ಮರಾಠಿಯಲ್ಲಿ ನಗುತ್ತಿದ್ದರು. ಹೋದವರು ಬರ್ತಾರಾ, ಬಿಡಿ ಎಂದು ಬಿಲ್ಡಿಂಗಿನವರು ಬುದ್ಧಿ ಹೇಳಿದರು. "ನಾ ಆಕೀನ್ನ ವಾಪಸ್ ಕೇಳಾಕತ್ತಿಲ್ಲ" ಎಂದಿದ್ದರು ಕಾಕಾ. ಕಳೆದ ಮಳೆಗಾಲ ಜ್ವರದಲ್ಲಿ ಅವರೂ ಹೋದರು.

ಮೊನ್ನೆ ತರಬೇತಿ ಬಿಟ್ಟು ನಾನು ನೇರ ಆ ಆಂಬುಲೆನ್ಸ್ ನಿಲ್ಲುವಲ್ಲಿಗೇ ಹೋದೆ. ಅದೇ ಗಾಡಿ, ಅದೇ ಪೆಟ್ಟಿಗೆ. ಗುಂಡಿ ಒತ್ತಿದರೆ ಉಸಿರಿಲ್ಲ. "ಆಜೋಬಾ ಹೋದ್ರಲ್ಲ, ಈಗ ಯಾರು ಕೇಳ್ತಾರೆ ಮ್ಯಾಡಮ್?" ಎಂಬಂತೆ ಏನೋ ಅಂದು ಡ್ರೈವರ್ ನಕ್ಕ. ನಾನು ಗಾಡಿ ಹತ್ತಿ ಕೂತೆ. ಚಾರ್ಜಿಗೆ ಹಾಕುವ ತನಕ ಇಳಿಯುವುದಿಲ್ಲ ಎಂದೆ. ಗೊಣಗುತ್ತ ಎಲ್ಲಿಂದಲೋ ವೈರು ತಂದು ಸಿಕ್ಕಿಸಿದ.

ಪುಟ್ಟ ಹಸಿರು ದೀಪ ಹೊತ್ತಿಕೊಂಡಿತು.

ಇಷ್ಟೇ. ಇಷ್ಟಕ್ಕೇ ಆ ಮನುಷ್ಯ ಅಲೆದು ಅಲೆದು ನಗೆಪಾಟಲಾದದ್ದು. ಕರೆದು ತೋರಿಸೋಣವೆಂದರೆ ಈಗ ಅವರಿಲ್ಲ...